ಒಂದು ಬೇಸಿಗೆ ಕೋಲ್ಡ್ ಸ್ಟೋರೇಜಿನಲ್ಲಿದ್ದ ಗಿಟಾರು

ಹೋದ ವಾರ ಗಿಟಾರಿನ ತಂತಿ ಬದಲಿಸಲು ಕೂತವನು, ಕೈ ಸುಮ್ಮನಿರದೆ, ಅದರ ಕುತ್ತಿಗೆಯನ್ನೇ ಬಿಚ್ಚಿಬಿಟ್ಟೆ. ಗಾಬರಿಯಾಗಬೇಡಿ. ನನ್ನದು ಕುತ್ತಿಗೆ ಬಿಚ್ಚಿದರೂ ಸಾಯದ ಜಾತಿಯ ಗಿಟಾರು. ಬೆನ್ನಿಗೆ ನಾಲ್ಕು ಸ್ಕ್ರೂ ಇವೆ. ನಾಲ್ಕನ್ನೂ ತಿರುವಿದರೆ ಉದ್ದನೆಯ ಕುತ್ತಿಗೆ ಒಂದು ಕಡೆ, ಮೈ ಒಂದು ಕಡೆ. ಹಾಗೆ ಬೇರೆ ಮಾಡಿದಾಗ ಎರಡರ ಸಂದಿಯಿಂದ ಒಂದು ಕಾಗದದ ಚೂರು ಉದುರಿತು. ಲಗ್ನಪತ್ರಿಕೆಯಿಂದ ಕತ್ತರಿಸಿದ ದಪ್ಪ ಕಾಗದ. ಅದರ ಮೇಲೆ ಬಂಗಾರ ಬಣ್ಣದ ಗಣಪತಿಯ ಸೊಂಡಿಲು ಮಾತ್ರ ಉಳಿದಿತ್ತು, ಗಣಪತಿ ಎಲ್ಲಿ ಹೋದನೋ ಗೊತ್ತಿಲ್ಲ.

ಚೂರನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಹೆಂಡತಿ ಬಂದು ನೋಡಿ, "ಏನ್ರಿ, ಮುರೀತೇನು?" ಎಂದಳು.

"ಮುರದಿಲ್ಲ, ಬಿಚ್ಚೇನಿ."

"ನನಗ ಎರಡೂ ಒಂದ ಕಾಣತೈತಿ" ಎಂದು ಒಳಗೆ ಹೋದಳು. ಮೂವತ್ತು ವರ್ಷದ ಸಂಗೀತಕ್ಕೆ ನನ್ನ ಮನೆಯಲ್ಲಿ ಸಿಕ್ಕ ಮರ್ಯಾದೆ ಇಷ್ಟು.

ಆ ಚೂರು ನನ್ನನ್ನು ಸುಮ್ಮನೆ ಕೂರಿಸಲಿಲ್ಲ. ಒಂದು ಕಾಲಕ್ಕೆ ನಾನು ನನ್ನ ಅಪ್ಪನಿಗೆ ನಾಲ್ಕು ಜನರ ಮುಂದೆ ಒಂದು ಮಾತು ಅಂದಿದ್ದೆ. ತಪ್ಪಾಯಿತು ಎಂದು ಹೇಳಬೇಕಾಗಿತ್ತು, ಹೇಳಿರಲಿಲ್ಲ. ಅಪ್ಪನಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದವಾಗಿದೆ. ಹೇಳಿದರೂ ಕೇಳಿಸದ ದಿನ ಬರುವ ಮೊದಲು ಹೇಳಿಬಿಡಬೇಕು ಎಂದು ಎದೆಯೊಳಗೆ ಒಂದೇ ಸಮನೆ ಒತ್ತತೊಡಗಿತು. ಆದರೆ ಆ ಮಾತು ಏಕೆ ಬಂತು ಎಂದು ತಿಳಿಸಲು ನಿಮಗೆ ಮೊದಲು ಗಿಟಾರಿನ ವಿಷಯ ಹೇಳಬೇಕು.

ಗಿಟಾರು ಎಂದರೆ ನಿಮ್ಮ ಕಣ್ಣ ಮುಂದೆ ಸೊಂಟ, ಹೊಟ್ಟೆ, ಹೊಟ್ಟೆಯ ನಡುವೆ ದುಂಡನೆಯ ತೂತು ಇರುವ ಸಾಮಾನು ಬರಬಹುದು. ನನ್ನದಕ್ಕೆ ಅದಾವುದೂ ಇಲ್ಲ. ಎರಡು ಬೆರಳು ದಪ್ಪದ ಗಟ್ಟಿ ಹಲಗೆ. ಅದರ ಮೇಲೆ ಎರಡು ಅಯಸ್ಕಾಂತದ ಪಟ್ಟಿ, ಎರಡು ಗುಂಡಿ, ಒಂದು ಸ್ವಿಚ್ಚು. ಮುಗಿಯಿತು. ಇಲೆಕ್ಟ್ರಿಕ್ ಗಿಟಾರುಗಳಲ್ಲೂ ಎರಡು ಕೊಂಬು ಚಾಚಿ, ಬೆನ್ನು ಬಳುಕಿಸಿ, ಹೊಳೆಯುವ ಕೆಂಪು ಬಳಿದುಕೊಂಡು ಕೂತ ಚೆಲುವೆಯರಿದ್ದಾರೆ. ಇದು ತಿಳಿಹಳದಿ ಬಣ್ಣದ, ಮುಖಕ್ಕೆ ಪೌಡರು ಹಚ್ಚದ ಹೆಣ್ಣುಮಗಳು. ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ತಂದ ದಿನ ಅಜ್ಜಿ ಇದನ್ನು ಹಿಂದೆ ಮುಂದೆ ತಿರುವಿ ನೋಡಿ, "ಇದೇನಲೇ, ಹೋಳಿಗಿ ಮಣಿಗೆ ಕಟಗಿ ಹಿಡಿಕಿ ಬಡದಾರ!" ಎಂದಿದ್ದಳು. ಅಂಗಡಿಯವರು ಇದಕ್ಕೆ ಏನೋ ಒಂದು ಇಂಗ್ಲಿಷ್ ಹೆಸರು ಹೇಳುತ್ತಿದ್ದರು. ಅಜ್ಜಿಯ ಬಾಯಿಂದ ಬಂದ ಮೇಲೆ ನಮ್ಮ ಆರ್ಕೆಸ್ಟ್ರಾದವರಿಗೆಲ್ಲ ಇದು ಮಣೆ ಗಿಟಾರೇ ಆಯಿತು.

ಹಾಂ, ಆರ್ಕೆಸ್ಟ್ರಾ. ರಾಣೆಬೆನ್ನೂರಿನಲ್ಲಿ ನಮ್ಮದೊಂದು ಮೇಳ ಇತ್ತು. ಗಣಪತಿ ಹಬ್ಬ, ಲಗ್ನ, ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಟೆಂಪೋ ಹತ್ತುತ್ತಿದ್ದೆವು. ನಾನು ಬ್ಯಾಡಗಿಯಿಂದ ಬಸ್ಸಿಗೆ ಹೋಗಿ ಸೇರಿಕೊಳ್ಳುತ್ತಿದ್ದೆ. ಗಿಟಾರು ಬಾರಿಸುವವರು ಇಬ್ಬರು. ಒಬ್ಬ ಹಲಗೇರಿಯ ಚನ್ನಬಸು. ಹಗಲು ಪಂಪ್‌ಸೆಟ್ ರಿಪೇರಿ, ಸಂಜೆ ಗಿಟಾರು. ಖರೆ ಕಲಾವಿದ ಅವನೇ. ಇನ್ನೊಬ್ಬ ನಾನು. ನಾನು ಎಷ್ಟರವನು ಎಂದರೆ, ನಾನು ಬರದ ದಿನ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮಣೆ ಗಿಟಾರು ಬಂದ ಮೇಲೆ ಗೊತ್ತಾಗತೊಡಗಿತು. ಅದೇ ಫಜೀತಿ. ಬೇರೆ ಗಿಟಾರುಗಳು ಬಾರಿಸುವವನ ತಪ್ಪಿನ ಮೇಲೆ ಒಂದು ತೆಳ್ಳನೆಯ ಸೆರಗು ಎಳೆಯುತ್ತವೆ. ಇದಕ್ಕೆ ಆ ದಾಕ್ಷಿಣ್ಯ ಇಲ್ಲ. ತಂತಿಗಳ ಬುಡದ ಹತ್ತಿರದ ಪಟ್ಟಿಗೆ ಸ್ವಿಚ್ಚು ತಿರುವಿ ತಂತಿ ಮೀಟಿದರೆ ಠಣ್ಣೆಂದು ಸ್ವಚ್ಛ ಸದ್ದು ಬರುತ್ತದೆ. ಕೀಬೋರ್ಡು, ಡೋಲಕ್ಕು, ಮೈಕಿನ ಭೋಂಗಾ, ಜನರ ಗದ್ದಲ ಎಲ್ಲದರ ನಡುವೆ ದಾರಿ ಮಾಡಿಕೊಂಡು ಹಿಂದಿನ ಸಾಲಿನವರೆಗೆ ಹೋಗಿ ಮುಟ್ಟುತ್ತದೆ. ಸರಿ ಬಾರಿಸಿದರೆ ಸರಿ ಮುಟ್ಟುತ್ತದೆ, ತಪ್ಪು ಬಾರಿಸಿದರೆ ತಪ್ಪೂ ಅಷ್ಟೇ ಚೊಕ್ಕವಾಗಿ ಮುಟ್ಟುತ್ತದೆ. ರಾಣೆಬೆನ್ನೂರಿನ ಒಂದು ಗಣಪತಿ ಪೆಂಡಾಲಿನಲ್ಲಿ ನನ್ನ ಬೆರಳು ತಂತಿಯ ಮೇಲೆ ಒಂದು ಮನೆ ಆಚೆ ಬಿದ್ದಾಗ, ಮಿರ್ಚಿ ಕರಿಯುತ್ತಿದ್ದವನು ಝಾರಿ ಎತ್ತಿಕೊಂಡೇ ನನ್ನ ಕಡೆ ತಿರುಗಿ ನೋಡಿದ. ಆ ನೋಟಕ್ಕೆ ಹೆದರಿ ನಾನು ಒಂದು ತಿಂಗಳು ಮೈಮುರಿದು ಅಭ್ಯಾಸ ಮಾಡಿದೆ. ಬಾರಿಸುವವರು ಈ ಗಿಟಾರನ್ನು ಏಕೆ ಇಷ್ಟು ಹಚ್ಚಿಕೊಳ್ಳುತ್ತಾರೆ ಎಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಅದು ನಮ್ಮನ್ನು ಹೊಗಳುವುದಿಲ್ಲ. ಹೊಗಳದವರ ಬಾಯಿಂದ ಅಪರೂಪಕ್ಕೊಮ್ಮೆ ಚಲೋ ಮಾತು ಬಂದರೆ ಎಷ್ಟು ಹಿಗ್ಗಾಗುತ್ತದೆ ಎಂಬುದು ನಿಮಗೂ ಗೊತ್ತಿರಬೇಕು.

ಎರಡನೆಯ ಕಾರಣ ಅಪ್ಪಟ ಬ್ಯಾಡಗಿಯದು. ನಮ್ಮೂರಿನ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೂರಿನವರು ಹೇಳುತ್ತಾರೆ. ಅದು ಸಾರಿನಲ್ಲಿ. ಸುಗ್ಗಿಯಲ್ಲಿ ಮಾರುಕಟ್ಟೆಯ ಗಾಳಿಯಲ್ಲಿ ಹಾರುವ ಧೂಳಿಗೆ ಆ ಮಾತು ಅನ್ವಯಿಸುವುದಿಲ್ಲ. ಒಮ್ಮೆ ಆ ಮಾರುಕಟ್ಟೆಯ ಯಾರ್ಡಿನಲ್ಲಿ ನಮ್ಮ ಕಾರ್ಯಕ್ರಮ ಇಟ್ಟಿದ್ದರು. ದಾವಣಗೆರೆಯಿಂದ ಬಂದ ಗಾಯಕಿ ಪಲ್ಲವಿಗೆ ಒಂದರಂತೆ ಸೀನಿದಳು. ಜನ ಅದನ್ನೂ ತಾಳಕ್ಕೆ ಸೇರಿಸಿಕೊಂಡು ಚಪ್ಪಾಳೆ ಹೊಡೆದರು. ಚನ್ನಬಸುವಿನದು ಆಗ ಹೊಟ್ಟೆ ಪೊಳ್ಳಿರುವ, ಎರಡು ಸೀಳು ಬಾಯಿಯ ಗಿಟಾರು. ಮುಂದೆ ಎರಡು ತಿಂಗಳು ಅದನ್ನು ಎತ್ತಿದಾಗಲೆಲ್ಲ ಒಳಗೆ ಮೆಣಸಿನ ಬೀಜ ಗಿಲಕಿಯ ಹಾಗೆ ಗಲಗಲ ಎನ್ನುತ್ತಿದ್ದವು. ನನ್ನ ಮಣೆಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಗೂಟಕ್ಕೆ ತೂಗುಹಾಕಿದೆ.

ಅಪ್ಪನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಮಗ ಗಿಟಾರು ಹಿಡಿದದ್ದಕ್ಕೆ ಅವನು ಬೈಯಲೂ ಇಲ್ಲ, ಬೆನ್ನು ತಟ್ಟಲೂ ಇಲ್ಲ. ಹತ್ತಿರದ ಊರಿನಲ್ಲಿ ಕಾರ್ಯಕ್ರಮ ಇದ್ದರೆ ಮಾತ್ರ, ಯಾವುದೋ ವಸೂಲಿ ಕೆಲಸದ ನೆವ ಹೇಳಿ ಬರುತ್ತಿದ್ದ. ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಕೂತರೆ ಪಕ್ಕದವರು "ಆ ಹಳದಿ ಗಿಟಾರಿನಾಂವ ನಿಮ್ಮ ಮಗಾ ಏನ್ರಿ?" ಎಂದು ಕೇಳುತ್ತಾರಲ್ಲ, ಅದಕ್ಕೆ ಹೂಂ ಅನ್ನಲು ನಾಚಿಕೆಯೋ ಸಂಕೋಚವೋ. ಹಿಂದೆ ಜನರೇಟರಿನ ಪಕ್ಕ ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದು, ಮುಗಿಯುವ ಮೊದಲೇ ಹೊರಟುಬಿಡುತ್ತಿದ್ದ. ಮರುದಿನ ಮುಂಜಾನೆ ರೊಟ್ಟಿ ಮುರಿಯುತ್ತ, "ನಿನ್ನೆ ಜನರೇಟರಿನ ಹೊಗಿ ಬಾಳ ಇತ್ತು" ಎನ್ನುತ್ತಿದ್ದ. ಅದೇ ಅವನ ಅಭಿಪ್ರಾಯ. ನಾನು ಅಷ್ಟಕ್ಕೇ ಖುಷಿಪಡುತ್ತಿದ್ದೆ.

ಒಂದು ಬೇಸಿಗೆ ನನಗೆ ಕಾಮಣಿ ಆಯಿತು. ಕಣ್ಣು, ಉಗುರು ಎಲ್ಲ ಗಿಟಾರಿನ ಬಣ್ಣಕ್ಕೆ ತಿರುಗಿದವು. ಗುತ್ತಲದಲ್ಲಿ ಔಷಧಿ ಕೊಡುವವರು ಇದ್ದಾರೆಂದು ಅಲ್ಲಿದ್ದ ಚಿಗವ್ವನ ಮನೆಗೆ ಕಳಿಸಿದರು. ಎರಡು ತಿಂಗಳು ಮಜ್ಜಿಗೆ ಅನ್ನ, ಮತ್ತೆ ಮಜ್ಜಿಗೆ ಅನ್ನ. ಬ್ಯಾಡಗಿಯಲ್ಲಿ ಹುಟ್ಟಿದವನು ಎರಡು ತಿಂಗಳು ಖಾರ ಮುಟ್ಟದೆ ಬದುಕಿದ್ದು ನನ್ನ ಜೀವನದ ದೊಡ್ಡ ಸಾಧನೆ. ಅಂತೂ ಗುಣವಾಗಿ ಊರಿಗೆ ಬಂದೆ. ಮರುದಿನ ಸಂಜೆಗೇ ಹಾವೇರಿಯಲ್ಲಿ ಒಂದು ಲಗ್ನದ ಕಾರ್ಯಕ್ರಮ ಇತ್ತು. ಬಂದವನೇ ನೋಡುತ್ತೇನೆ, ಗೂಟ ಖಾಲಿ.

"ಅಪ್ಪಾ, ಗಿಟಾರ್ ಎಲ್ಲೈತಿ?"

"ಕೋಲ್ಡ್ ಸ್ಟೋರೇಜಿನ್ಯಾಗ ಐತಿ" ಎಂದ ಅಪ್ಪ. ಬ್ಯಾಂಕಿನ ಲಾಕರಿನಲ್ಲಿದೆ ಎನ್ನುವ ಧಾಟಿ.

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. "ಕಿಡಕ್ಯಾಗಿಂದ ಅದರ ಮ್ಯಾಲೆ ಬಿಸಲ ಬೀಳತಿತ್ತು. ಮ್ಯಾಲೆ ತಗಡು ಬ್ಯಾರೆ. ಬಣ್ಣ ಹೊಂಟಿತ್ತು. ನಮ್ಮ ಡಬ್ಬಿ ಮಾಲಿನ ಬಾಜೂಕ ಇಡಿಸೇನಿ. ಏನೂ ಆಗಿಲ್ಲ."

ಡಬ್ಬಿ ಎಂದರೆ ನಮ್ಮಲ್ಲಿ ಅತಿ ಒಳ್ಳೆಯ ಬಣ್ಣದ ಮೆಣಸಿನಕಾಯಿ. ಬಿಸಿಲು ಬಲಿಯುವ ಮೊದಲೇ ಅದನ್ನು ತಣ್ಣನೆಯ ಕೋಣೆಗೆ ಸೇರಿಸಿದರೆ ವರ್ಷವಾದರೂ ಬಣ್ಣ ಮಾಸುವುದಿಲ್ಲ. ಬಣ್ಣ ಉಳಿಯಬೇಕಾದ ಯಾವ ವಸ್ತುವಿಗೂ ಅಪ್ಪನಿಗೆ ಗೊತ್ತಿದ್ದ ಮದ್ದು ಅದೊಂದೇ. ಇವತ್ತು ಯೋಚಿಸಿದರೆ ಕಣ್ಣು ತುಂಬುತ್ತದೆ. ಅವತ್ತು ನನಗೆ ತುಂಬಿದ್ದು ಸಿಟ್ಟು.

ಇಬ್ಬರೂ ಕೋಲ್ಡ್ ಸ್ಟೋರೇಜಿಗೆ ಹೋದೆವು. ಹಮಾಲರು ಒಳಗಿನಿಂದ ಒಂದು ಉದ್ದ ಚೀಲ ಹೊತ್ತು ತಂದರು. ಗೋಣಿಚೀಲದ ಮೇಲೆ ಗೋಣಿಚೀಲ ಸುತ್ತಿ, ದಬ್ಬಣದಿಂದ ಸುತಳಿ ಹಾಕಿ ಹೊಲಿದು, ಮೇಲೆ ಕೆಂಪು ಬಣ್ಣದಲ್ಲಿ ನಮ್ಮ ಅಂಗಡಿಯ ಮಾರ್ಕು ಬರೆದಿತ್ತು. ಮುಟ್ಟಿದರೆ ಬೆರಳು ಜುಂ ಎನ್ನುವ ತಂಪು. ಹೊರಗೆ ಮೇ ತಿಂಗಳ ಬಿಸಿಲು.

"ಇವತ್ತ ಬಿಚ್ಚಬ್ಯಾಡ" ಎಂದ ಅಪ್ಪ. "ನಾಳೆ ಮುಂಜಾನಿತನಕಾ ಚೀಲದಾಗ ಇರ್ಲಿ, ನೆಳ್ಳಾಗ. ಥಂಡಿ ಮಾಲು ತಟಕ್ನ ಹೊರಗ ತಗದ್ರ ಬೆವರತೈತಿ."

"ಇದು ಮೆಣಸಿನಕಾಯಿ ಅಲ್ಲಪಾ, ಗಿಟಾರ್" ಎಂದು ನಾನು ಒಬ್ಬ ಹಮಾಲನ ಕೈಯಿಂದ ಚೀಲ ಎತ್ತುವ ಹುಕ್ಕು ಕಸಿದುಕೊಂಡು ಸುತಳಿ ಹರಿದೆ.

ಹಳದಿ ಮೈ ಹೊರಗೆ ಬಂತು. ನಾವು ನೋಡುತ್ತಿದ್ದಂತೆಯೇ ಅದರ ಮೇಲೆ ಮಂಜು ಕಟ್ಟಿತು, ಮಂಜು ಹನಿಯಾಯಿತು, ಹನಿ ಗುಂಡಿಗಳ ಸಂದಿಗೆ ಇಳಿಯಿತು. ಟಿಕ್, ಟಿಕ್ ಎಂದು ಸಣ್ಣ ಸದ್ದು. ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕುಗಳು ಓಡಿದವು. ತಂತಿಗಳು ಆಗಲೇ ತುಕ್ಕು ಹಿಡಿದು ಕಂದಾಗಿದ್ದವು. ಕುತ್ತಿಗೆ ಬಾಗಿ, ತಂತಿಯ ಕೆಳಗೆ ಬೆರಳು ತೂರುವಷ್ಟು ಸಂದಿ. ಸುತ್ತ ಹತ್ತು ಹನ್ನೆರಡು ಹಮಾಲರು ಕೆಲಸ ಬಿಟ್ಟು ನಿಂತಿದ್ದರು. ಅವರೆಲ್ಲರ ಮುಂದೆ, ಅವರಿಗೆಲ್ಲ ಅನ್ನ ಹಾಕಿದ ಸಾವುಕಾರನಿಗೆ, ನಾನು ಗಂಟಲು ಏರಿಸಿ ಹೇಳಿದೆ: "ನಿನಗ ಮೆಣಸಿನಕಾಯಿ ಬಿಟ್ಟರ ಮತ್ತೇನ ತಿಳೀತೈತಿ?"

ಅಪ್ಪ ನೆಲಕ್ಕೆ ಬಿದ್ದಿದ್ದ ಖಾಲಿ ಚೀಲವನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಬಗಲಲ್ಲಿ ಇಟ್ಟುಕೊಂಡು ನಡೆದುಬಿಟ್ಟ.

ನಾನು ಗಿಟಾರನ್ನು ಹೆಗಲಿಗೆ ಹಾಕಿಕೊಂಡು ರಾಣೆಬೆನ್ನೂರಿಗೆ ಬಸ್ಸು ಹಿಡಿದು, ಅಲ್ಲಿಂದ ಹಲಗೇರಿಗೆ ಹೋದೆ. ಚನ್ನಬಸು ಯಾರದೋ ಹೊಲದ ಪಂಪಿನ ಹೊಟ್ಟೆ ಬಗೆದು ಕೂತಿದ್ದ. ಗಿಟಾರು ನೋಡಿದ. ಕುತ್ತಿಗೆಯ ಗುಂಟ ಒಂದು ಕಣ್ಣು ಮುಚ್ಚಿ ದಿಟ್ಟಿಸಿದ. ನಡೆದದ್ದನ್ನು ಹೇಳಿದಾಗ ಬಿದ್ದು ಬಿದ್ದು ನಕ್ಕ. ನನಗೆ ಅಳು ಬರುವಂತಿತ್ತು.

"ಸತ್ತಿಲ್ಲ ಬಿಡಲೇ" ಎಂದ. "ಕುತ್ತಿಗಿ ಬಾಗೇತಿ, ಅಷ್ಟ. ಬ್ಯಾರೆ ಗಿಟಾರ್ ಆಗಿದ್ರ ಕುತ್ತಿಗಿ ಅಂಟ ಹಚ್ಚಿ ಕುಂದ್ರಿಸಿರತಾರ, ಬಿಚ್ಚಾಕ ಬರೂದಿಲ್ಲ. ಇದನ್ನ ಮಾಡಿದಾಂವ ನಮ್ಮಂಗ ರಿಪೇರಿ ಮಂದಿ ಪೈಕಿ ಇರಬೇಕು ನೋಡು."

ಅವನ ಊಹೆ ಸುಳ್ಳಾಗಲಿಲ್ಲ. ಈ ತರಹದ ಗಿಟಾರನ್ನು ಮೊದಲು ಮಾಡಿದ ಮನುಷ್ಯ ರೇಡಿಯೋ ರಿಪೇರಿಯವನಾಗಿದ್ದನಂತೆ, ಗಿಟಾರು ಬಾರಿಸಲೂ ಬರುತ್ತಿರಲಿಲ್ಲವಂತೆ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಚನ್ನಬಸು ಪಂಪ್‌ಸೆಟ್ಟಿನ ಸ್ಕ್ರೂಡ್ರೈವರಿನಿಂದಲೇ ನಾಲ್ಕು ಸ್ಕ್ರೂ ತೆಗೆದ. ಒಳಗಿನ ವೈರುಗಳನ್ನು ಬಿಸಿಲಿಗೆ ಹಿಡಿದು ಒಣಗಿಸಿದ, ಕಿಲುಬನ್ನು ಪಾಲಿಶ್ ಕಾಗದದಿಂದ ಉಜ್ಜಿದ, ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ಕೀಲಿ ಹಾಕಿ ಅಷ್ಟಷ್ಟೇ ಬಿಗಿದ. ಆದರೂ ತಂತಿಗಳು ಒಂದು ಚೂರು ಎತ್ತರವೇ ಉಳಿದವು. ಆಗ ಅವನು ಅಂಗಿಯ ಜೇಬಿನಿಂದ ಮರುದಿನದ ಲಗ್ನದ ಪತ್ರಿಕೆಯನ್ನೇ ತೆಗೆದು, ಕತ್ತರಿಸಿ, ಕುತ್ತಿಗೆ ಕೂರುವ ಗುಣಿಯಲ್ಲಿ ಇಟ್ಟು, ಮೇಲೆ ಸ್ಕ್ರೂ ಬಿಗಿದ. ಕುತ್ತಿಗೆ ಎಳ್ಳಷ್ಟು ಹಿಂದಕ್ಕೆ ವಾಲಿತು, ತಂತಿ ಕೆಳಗಿಳಿದು ಕೂತಿತು.

ಬಾರಿಸುವವರು ಈ ಗಿಟಾರನ್ನು ಪ್ರೀತಿಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ. ಎಂಥ ಪೆದ್ದನ ಕೈಗೆ ಸಿಕ್ಕರೂ ಅದು ಕೆಡುತ್ತದೆ, ಮತ್ತೆ ರಿಪೇರಿಯೂ ಆಗುತ್ತದೆ. ಮನುಷ್ಯರಿಗೂ ಬೆನ್ನಲ್ಲಿ ನಾಲ್ಕು ಸ್ಕ್ರೂ ಇದ್ದಿದ್ದರೆ ನಾನು ಅವತ್ತೇ ಸಂಜೆ ಮನೆಗೆ ಹೋಗಿ ಅಪ್ಪನ ಮನಸ್ಸು ಸರಿಮಾಡಿಬಿಡುತ್ತಿದ್ದೆ.

ಹಾವೇರಿಯ ಲಗ್ನದಲ್ಲಿ ಗಿಟಾರು ಠಣ್ಣೆಂದಿತು. ನಾನು ಎರಡನೆಯ ಹಾಡಿಗೇ ಜನರೇಟರಿನ ಕಡೆ ನೋಡಿದೆ. ಯಾರೂ ಇರಲಿಲ್ಲ. ಮುಂದಿನ ಕಾರ್ಯಕ್ರಮಕ್ಕೂ ಇರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಮನೆಯಲ್ಲಿ ಮಾತು ನಿಂತಿರಲಿಲ್ಲ. ಊಟ, ಅಂಗಡಿ, ಸೌದೆ, ತಂಗಿಯ ಲಗ್ನ, ಎಲ್ಲ ಮಾತಾಡುತ್ತಿದ್ದೆವು. ನಾನು ಗೂಟದಿಂದ ಗಿಟಾರು ಇಳಿಸಿದರೆ ಮಾತ್ರ ಅವನಿಗೆ ಅಂಗಡಿಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಜನರೇಟರಿನ ಹೊಗೆಯ ಬಗ್ಗೆ ಮತ್ತೆ ಯಾವತ್ತೂ ದೂರು ಬರಲಿಲ್ಲ. ನನಗೂ ಒಂದು ಸೊಕ್ಕು. ಹಾಳು ಮಾಡಿದ್ದು ಅವನು, ನಾನೇಕೆ ಬಾಗಬೇಕು? ಕಾಲ ಸರಿಯಿತು. ಆರ್ಕೆಸ್ಟ್ರಾ ಹೋಗಿ ಪೆನ್‌ಡ್ರೈವಿನ ಹಾಡು ಬಂತು. ಚನ್ನಬಸು ಬರೀ ಪಂಪ್‌ಸೆಟ್ಟಿನವನಾದ, ನಾನು ಬರೀ ದಲಾಲಿಯವನಾದೆ.

ಈಗ ಹೋದ ವಾರಕ್ಕೆ ಬರೋಣ. ಉದುರಿದ ಚೂರು ಸವೆದಿತ್ತು. ಹೊಸದು ಎಷ್ಟು ದಪ್ಪ ಇರಬೇಕು ಎಂದು ಮೊಬೈಲಿನಲ್ಲಿ ಹುಡುಕಿದೆ. ಯಾವುದೋ ಹಿಮ ಬೀಳುವ ದೇಶದ ಗಡ್ಡದ ಮನುಷ್ಯನೊಬ್ಬ ನನ್ನಂಥದೇ ಗಿಟಾರು ಹಿಡಿದು ಪಾಠ ಹೇಳುತ್ತಿದ್ದ. ಕಾಗದದ ಮಾತು ಮುಗಿಸಿ, ಇನ್ನೊಂದು ವಿಷಯ ಎಂದ. ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದ ಗಿಟಾರಿನ ಪೆಟ್ಟಿಗೆಯನ್ನು ಕೂಡಲೇ ತೆರೆಯಬೇಡಿ. ಒಂದು ದಿನ ಮುಚ್ಚಿಯೇ ಇಡಿ. ಇಲ್ಲವಾದರೆ ಅದು ಬೆವರುತ್ತದೆ, ಬಣ್ಣ ಬಿರಿಯುತ್ತದೆ.

ನಾನು ಅದನ್ನು ಮೂರು ಸಲ ನೋಡಿದೆ. ಅಪ್ಪ ಹೇಳಿದ್ದೂ ಅದನ್ನೇ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಳಗಿಟ್ಟಿದ್ದರಿಂದ ಕುತ್ತಿಗೆ ಬಾಗಿರಬಹುದು. ಆದರೆ ಬೆವರಿಸಿದವನು, ಬಿರುಕು ಬಿಡಿಸಿದವನು ನಾನೇ. ಮೆಣಸಿನಕಾಯಿಯಿಂದ ಅಪ್ಪ ಕಲಿತದ್ದು ಗಿಟಾರಿಗೂ ಸರಿಯಾಗಿಯೇ ಇತ್ತು. ಸಾವಿರಾರು ಮೈಲಿ ದೂರದ ಗಡ್ಡದವನಿಗೆ ತಲೆದೂಗುವ ನಾನು, ಪಕ್ಕದಲ್ಲಿ ನಿಂತು ಹೇಳಿದ ಅಪ್ಪನಿಗೆ ಏನು ಅಂದಿದ್ದೆ! ನಾಚಿಕೆಯಾಯಿತು. ಖರೇನೇ ನಾಚಿಕೆಯಾಯಿತು.

ಹೊಸ ಚೂರು ಇಟ್ಟು, ಸ್ಕ್ರೂ ಬಿಗಿದು, ಹೊಸ ತಂತಿ ಏರಿಸಿ, ಮೊಬೈಲಿನ ಯಂತ್ರ ನೋಡಿ ಶ್ರುತಿ ಮಾಡಿ, ಗಿಟಾರು ಹಿಡಿದೇ ಹೊರಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಕಿವಿಯ ಮಷೀನು ಯಾವತ್ತಿನಂತೆ ಕಪಾಟಿನಲ್ಲಿತ್ತು. ಅದನ್ನು ಹಾಕಿಕೊಂಡರೆ ಬರೀ ಬಟ್ಟೆ ಹರಿದ ಸಪ್ಪಳ ಬರುತ್ತದೆ ಎನ್ನುತ್ತಾನೆ.

"ಅಪ್ಪಾ, ಅವತ್ತ ನಂದ ತಪ್ಪಾತು" ಎಂದೆ.

"ಆಂ?"

"ನಂದ ತಪ್ಪಾತು!"

"ಯಾರ ಸತ್ರು?"

ಈಗ ಬೇರೆ ದಾರಿ ಇರಲಿಲ್ಲ. ಎದುರಿನ ಮನೆಯ ಮುಂದೆ ಆರೇಳು ಹೆಣ್ಣುಮಕ್ಕಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಅವರ ಕೈ ನಿಲ್ಲುವಷ್ಟು ಗಂಟಲೆತ್ತಿ ಕೂಗಿದೆ: "ಕೋಲ್ಡ್ ಸ್ಟೋರೇಜಿನ ಮುಂದ ನಾ ಸುಮ್ನ ಚೀಲ ಹರದೆ! ನೀ ಬ್ಯಾಡ ಅಂದಿದ್ದಿ! ಮೆಣಸಿನಕಾಯಿ ಬಿಟ್ಟರ ನಿನಗೇನ ತಿಳೀತೈತಿ ಅಂದಿದ್ನೆಲ್ಲ, ಅದು ತಪ್ಪಾತಪಾ!"

ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೈಕಲ್ಲಿನವನೊಬ್ಬ ಕಾಲೂರಿ ನಿಂತ. ನಿಲ್ಲಲಿ. ಅವತ್ತು ಹನ್ನೆರಡು ಜನ ಕೇಳಿದ್ದರು, ಇವತ್ತೂ ನಾಲ್ಕು ಜನ ಕೇಳುವುದು ನ್ಯಾಯ.

ಅಪ್ಪ ನನ್ನ ಮುಖವನ್ನೇ ನೋಡಿದ. "ಸುತಳಿ ಹೊಸಾದಿತ್ತು" ಎಂದ. "ಬಿಚ್ಚಾಕ ಬರತಿತ್ತು." ಗಿಟಾರಿನ ಕಡೆ ಗದ್ದ ತೋರಿಸಿ, "ಬಾರಸು" ಎಂದ.

"ಕೇಳಸ್ತೈತೇನು?" ಎಂದೆ, ಕೈಸನ್ನೆಯಲ್ಲಿ.

ಅವನು ಹತ್ತಿರಕ್ಕೆ ಸರಿದು, ತಂತಿಗಳ ಕೆಳಗೆ ಹಲಗೆಯ ಮೇಲೆ ಅಂಗೈ ಚಪ್ಪಟೆಯಾಗಿ ಇಟ್ಟ. ಸ್ಪೀಕರಿಗೆ ಜೋಡಿಸದಿದ್ದರೆ ಬಾಯಿಲ್ಲದ ಗಿಟಾರು ಸದ್ದನ್ನು ಗಾಳಿಗೆ ಬಿಡುವುದಿಲ್ಲ. ಮೈಯಲ್ಲೇ ಇಟ್ಟುಕೊಂಡು ನಡುಗುತ್ತದೆ. ಬಾರಿಸುವವನಿಗೆ ಅದು ಪಕ್ಕೆಲುಬಿಗೆ ತಿಳಿಯುತ್ತದೆ. ನಾನು ಆರೂ ತಂತಿಗಳನ್ನು ಒಟ್ಟಿಗೆ ಎಳೆದೆ. ಅಪ್ಪ ಕಣ್ಣು ಮುಚ್ಚಿದ. ಇನ್ನೊಮ್ಮೆ ಎಳೆದೆ.

"ನಿಂದರು" ಎಂದ ಅಪ್ಪ. "ಒಂದಕ್ಕೊಂದು ಕೂಡವಲ್ವು. ದಪ್ಪ ತಂತಿ ತೊನದಾಡತೈತಿ."

ಈಗಷ್ಟೇ ಯಂತ್ರ ನೋಡಿ ಶ್ರುತಿ ಮಾಡಿದ್ದೆ. ಇಲ್ಲಪಾ, ಸರಿ ಐತಿ ಎನ್ನಲು ಬಾಯಿ ತೆರೆದೆ. ತೆರೆದದ್ದನ್ನು ಮುಚ್ಚಿಕೊಂಡು, ಕಿವಿ ಹಲಗೆಗೆ ಹಚ್ಚಿ ದಪ್ಪ ತಂತಿ ಮೀಟಿದೆ. ಹೊಸ ತಂತಿ, ಜಗ್ಗಿತ್ತು. ಕೂದಲೆಳೆಯಷ್ಟು ಇಳಿದಿತ್ತು. ಬಿರಡೆ ಹಿಡಿದು ಮೆಲ್ಲಗೆ ತಿರುವಿದೆ, ಅಪ್ಪನ ಮುಖ ನೋಡುತ್ತ ತಿರುವಿದೆ.

"ಹ್ಞಾಂ, ಈಗ ನಿಂತೈತಿ" ಎಂದ ಅಪ್ಪ. ಕೈ ತೆಗೆಯಲಿಲ್ಲ. "ಇನ್ನ ಬಾರಸು."